ಅಮ್ಮ ಬಿಟ್ಟು ಹೋದ ಮಗುವಿಗೆ ಏನು ಹೇಳಬೇಕು?

ಕುಂದಾಪುರದ ಅತ್ತೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ಮಗ ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದಾನೆ. ಈಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಅವನಿಗೆ ನಾಲ್ಕು ತುಂಬುವ ಹೊತ್ತಿಗೆ ಅತ್ತಿಗೆ ಮನೆ ಬಿಟ್ಟು ಹೋದರು. ಅಣ್ಣ ಮುಂಬೈನಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ, ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ. ಮನೆಯಲ್ಲಿ ಇರುವುದು ನಾನು, ನನ್ನ ಅಮ್ಮ, ಈ ಹುಡುಗ.

"ಅಮ್ಮ ಬೆಂಗಳೂರಲ್ಲಿ ಕೆಲಸ ಮಾಡ್ತಾಳೆ, ರಜೆ ಸಿಕ್ಕಿದಾಗ ಬರ್ತಾಳೆ" ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದೇವೆ. ಚಿಕ್ಕವನಿದ್ದಾಗ ಅಷ್ಟಕ್ಕೆ ಸುಮ್ಮನಾಗುತ್ತಿದ್ದ. ಈಗ ಪ್ರಶ್ನೆಗಳು ಬೇರೆ ಥರ ಬರುತ್ತಿವೆ. ದಸರಾ ರಜೆಗೆ ಪಕ್ಕದ ಮನೆಯವರೆಲ್ಲ ಬೆಂಗಳೂರಿಂದ ಬಂದರಲ್ಲ, ಅಮ್ಮನಿಗೆ ಮಾತ್ರ ಯಾಕೆ ರಜೆ ಇಲ್ಲ? ಬೆಂಗಳೂರಲ್ಲಿ ಎಲ್ಲರ ಹತ್ತಿರ ಮೊಬೈಲ್ ಇದೆ, ಅಮ್ಮನ ಹತ್ತಿರ ಇಲ್ವಾ? ನನ್ನ ಅಮ್ಮನಿಗೆ ಈ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ. "ಅವಳ ಸುದ್ದಿ ಎತ್ತಬೇಡ" ಅಂತ ಬೈದು ಕಳಿಸುತ್ತಾರೆ. ಆಮೇಲೆ ಅವರೇ ಅಡುಗೆಮನೆಯಲ್ಲಿ ಕೂತು ಅಳುತ್ತಾರೆ.

ಮೊನ್ನೆ ಮಲಗುವ ಹೊತ್ತಿಗೆ ಕೇಳಿದ: "ಅತ್ತೆ, ನಾನು ಸಣ್ಣವನಿದ್ದಾಗ ಜಾಸ್ತಿ ಹಟ ಮಾಡ್ತಿದ್ನಾ?" ಯಾಕೆ ಪುಟ್ಟ ಅಂದೆ. "ಎಂತ ಇಲ್ಲ" ಅಂತ ಮಗ್ಗುಲು ತಿರುಗಿ ಮಲಗಿದ.

ಆ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಇವನಿಗೆ ನಿಜ ಹೇಳಬೇಕಾ? ಹೇಳುವುದಾದರೆ ಎಷ್ಟು? ಯಾರು ಹೇಳಬೇಕು? ಇಂಥ ಮಗುವನ್ನು ಬೆಳೆಸಿದವರು, ಅಥವಾ ತಾವೇ ಹೀಗೆ ಬೆಳೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಾಗರದ ಹಿರಿಯ ಜೀವ

ತಂಗಿ, ನನಗೆ ಎಪ್ಪತ್ತರ ಮೇಲಾಯಿತು. ಇಂಥದ್ದು ನಾಲ್ಕಾರು ಮನೆಗಳಲ್ಲಿ ನೋಡಿದ್ದೇನೆ. ನನ್ನ ಮಾತು ಕೇಳುವುದಾದರೆ ಈಗ ಏನೂ ಹೇಳಬೇಡಿ. ಒಂಬತ್ತು ವರ್ಷದ ಮಗುವಿಗೆ "ನಿನ್ನ ತಾಯಿ ನಿನ್ನನ್ನು ಬಿಟ್ಟು ಹೋದಳು" ಅಂತ ಹೇಳುವುದು ಕ್ರೌರ್ಯ. ಓದಿ ದೊಡ್ಡವನಾಗಲಿ, ಹದಿನೆಂಟು ತುಂಬಲಿ, ತಾನೇ ತಿಳಿದುಕೊಳ್ಳುತ್ತಾನೆ. ಅಲ್ಲಿಯವರೆಗೆ ಹೊಟ್ಟೆ ತುಂಬ ಊಟ, ಮೈ ತುಂಬ ಬಟ್ಟೆ, ನಿಮ್ಮ ಪ್ರೀತಿ, ಇಷ್ಟು ಸಾಕು. ಇನ್ನು ಮಗುವನ್ನು ಬಿಟ್ಟು ಹೋಗುವ ತಾಯಿಗೆ ಜೈಲು ಶಿಕ್ಷೆ ಆಗಬೇಕು, ಇದು ನನ್ನ ಖಚಿತ ಅಭಿಪ್ರಾಯ.

ಹುಬ್ಬಳ್ಳಿ ಹುಡುಗ

ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಹೀಗೇ ಬೆಳೆದವನು. ಹೋದವರು ಅಮ್ಮ ಅಲ್ಲ, ಅಪ್ಪ. ನಾನಾಗ ಎರಡನೇ ಕ್ಲಾಸು.

ನಮ್ಮ ಮನೆಯಲ್ಲಿ ಹೇಳಿದ್ದು "ಅಪ್ಪ ದುಬೈಗೆ ಹೋಗ್ಯಾನ" ಅಂತ. ನಾನು ನಂಬಿದೆ. ಕ್ಲಾಸಿನ ಹುಡುಗರಿಗೆಲ್ಲ ಅಪ್ಪ ರಿಮೋಟ್ ಕಾರು ತರ್ತಾನೆ ಅಂತ ಹೇಳಿಕೊಂಡು ಓಡಾಡಿದೆ. ಯಾರಿಗೆ ಮೊದಲು ಆಡಲು ಕೊಡಬೇಕು ಅಂತ ಪಟ್ಟಿ ಕೂಡ ಮಾಡಿದ್ದೆ. ಐದನೇ ಕ್ಲಾಸಿನಲ್ಲಿ ಜಗಳ ಆದಾಗ ಒಬ್ಬ ಹುಡುಗ ಎಲ್ಲರ ಮುಂದೆ ಹೇಳಿಬಿಟ್ಟ. ನಿಮ್ಮಪ್ಪ ದುಬೈನಲ್ಲಿಲ್ಲ, ಗದಗದಲ್ಲಿ ಇನ್ನೊಂದು ಮನೆ ಮಾಡಿದ್ದಾನೆ ಅಂತ. ಗದಗ ನಮ್ಮೂರಿಂದ ಬಸ್ಸಿನಲ್ಲಿ ಎಷ್ಟು ದೂರ ಅಂತ ಎಲ್ಲರಿಗೂ ಗೊತ್ತು. ಸಮುದ್ರ ದಾಟಿ ಹೋದವನು ಬರಲಿಲ್ಲ ಅಂದರೆ ಅದಕ್ಕೊಂದು ಅರ್ಥ ಇದೆ. ಗದಗದಿಂದ ಬರಲಿಲ್ಲ ಅಂದರೆ?

ಅವತ್ತು ನನಗೆ ಅಪ್ಪನ ಮೇಲೆ ಬಂದ ಸಿಟ್ಟಿಗಿಂತ ಮನೆಯವರ ಮೇಲೆ ಬಂದ ಸಿಟ್ಟೇ ದೊಡ್ಡದು. ಓಣಿಗೆಲ್ಲ ಗೊತ್ತಿತ್ತು. ಕಿರಾಣಿ ಅಂಗಡಿಯವರಿಗೆ ಗೊತ್ತಿತ್ತು. ಟೀಚರಿಗೂ ಗೊತ್ತಿತ್ತು. ನನಗೆ ಒಬ್ಬನಿಗೇ ಗೊತ್ತಿರಲಿಲ್ಲ. ಆಮೇಲೆ ಬಹಳ ವರ್ಷ ಅವ್ವ ಏನು ಹೇಳಿದರೂ ನಂಬಿಕೆ ಬರುತ್ತಿರಲಿಲ್ಲ. ಪಾಪ, ಅವಳು ನನ್ನ ಒಳ್ಳೆಯದಕ್ಕೇ ಹೇಳಿದ್ದಳು.

ಅಕ್ಕ, ನಿಮ್ಮ ಹುಡುಗ "ಜಾಸ್ತಿ ಹಟ ಮಾಡ್ತಿದ್ನಾ" ಅಂತ ಕೇಳಿದ್ದಾನಲ್ಲ, ಅದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ಕಾರಣ ಯಾರೂ ಹೇಳದಿದ್ದರೆ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ, ಆ ಕಾರಣದಲ್ಲಿ ತಪ್ಪು ಯಾವಾಗಲೂ ತನ್ನದೇ ಆಗಿರುತ್ತದೆ. ನಾನು ಮಗ್ಗಿ ಸರಿಯಾಗಿ ಹೇಳಲಿಲ್ಲ ಅಂತ ಅಪ್ಪ ಹೋದ ಅಂದುಕೊಂಡಿದ್ದೆ. ಹದಿಮೂರರ ಮಗ್ಗಿ. ಅದನ್ನು ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದೆ, ಬಂದರೆ ಹೇಳಿ ತೋರಿಸಬೇಕು ಅಂತ.

ದಯವಿಟ್ಟು ಹೇಳಿಬಿಡಿ. ನೀವೇ ಹೇಳಿ. ಬೇರೆಯವರ ಬಾಯಿಂದ ಕೇಳುವ ಮೊದಲು.

ಸರ್ಕಾರಿ ಶಾಲೆ ಮೇಷ್ಟ್ರು

ಹುಬ್ಬಳ್ಳಿ ಸಹೋದರ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹಾಸನ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕ. ತಂದೆ ಅಥವಾ ತಾಯಿ ಬಿಟ್ಟು ಹೋಗಿರುವ ಮಕ್ಕಳು ನಮ್ಮ ಶಾಲೆಯಲ್ಲಿ ಇಲ್ಲದ ವರ್ಷವೇ ಇಲ್ಲ. ಹೆಚ್ಚಿನವರು ಅಜ್ಜಿ ಮನೆಯಿಂದ ಬರುತ್ತಾರೆ.

ಈ ಮಕ್ಕಳು ಗಲಾಟೆ ಮಾಡುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಕೆಲವರು ಮಾಡುತ್ತಾರೆ. ಆದರೆ ನನಗೆ ಹೆಚ್ಚು ಚಿಂತೆ ಆಗುವುದು ಅತಿಯಾಗಿ ಒಳ್ಳೆಯವರಾಗುವ ಮಕ್ಕಳ ಬಗ್ಗೆ. ಪುಸ್ತಕಕ್ಕೆ ಬೈಂಡು ಹಾಕಿ ಅಚ್ಚುಕಟ್ಟಾಗಿ ಇಟ್ಟಿರುತ್ತಾರೆ, ಬೋರ್ಡು ಒರೆಸುತ್ತಾರೆ, ಬಿಸಿಯೂಟದ ತಟ್ಟೆ ಜೋಡಿಸುತ್ತಾರೆ, ಏನು ಹೇಳಿದರೂ "ಸರಿ ಸಾರ್". ಬೈಯುವುದಕ್ಕೆ ಒಂದು ಕಾರಣವನ್ನೂ ಕೊಡುವುದಿಲ್ಲ. ತಪ್ಪು ಮಾಡಿದರೆ ಇನ್ನೊಬ್ಬರು ಬಿಟ್ಟು ಹೋಗುತ್ತಾರೆ ಅನ್ನುವ ಭಯ ಅದು. ಅತ್ತೆ ಅವರೇ, ನಿಮ್ಮ ಹುಡುಗ ಆ ಥರ ಇದ್ದರೆ ಒಳ್ಳೆಯ ಹುಡುಗ ಅಂತ ನೆಮ್ಮದಿ ಪಡಬೇಡಿ. ಅವನು ನಿಮ್ಮ ಹತ್ತಿರ ಹಟ ಮಾಡುವಂತಾದರೆ ಅದು ಒಳ್ಳೆಯ ಲಕ್ಷಣ.

ಇನ್ನೊಂದು ಮಾತು ನಮ್ಮ ಶಿಕ್ಷಕ ಬಂಧುಗಳಿಗೆ. ಪರಿಸರ ಅಧ್ಯಯನದಲ್ಲಿ ಕುಟುಂಬದ ಪಾಠ ಬರುತ್ತದೆ. ತಂದೆ, ತಾಯಿ, ಇಬ್ಬರು ಮಕ್ಕಳು ಇರುವ ಚಿತ್ರ ಅಂಟಿಸಿಕೊಂಡು ಬನ್ನಿ ಅಂತ ಹೇಳುವ ಬದಲು "ನಿಮ್ಮ ಮನೆಯಲ್ಲಿ ಯಾರ್ಯಾರು ಇದ್ದಾರೆ, ಯಾರು ನಿಮಗೆ ತಲೆ ಬಾಚುತ್ತಾರೆ, ಯಾರ ಜೊತೆ ಮಲಗುತ್ತೀರಿ" ಅಂತ ಬರೆಸಿ ನೋಡಿ. ಅಜ್ಜಿ ಜೊತೆ ಇರುವ ಮಗುವೂ ತಲೆ ಎತ್ತಿ ಓದುತ್ತದೆ. ಪೋಷಕರ ಸಭೆಗೆ ಚೀಟಿ ಕಳಿಸುವಾಗ "ಅಪ್ಪ ಅಮ್ಮನನ್ನು ಕರ್ಕೊಂಡು ಬಾ" ಅನ್ನದೆ "ಮನೆಯ ದೊಡ್ಡವರನ್ನು ಕರ್ಕೊಂಡು ಬಾ" ಅಂದರೆ ಸಾಕು. ಇದಕ್ಕೆ ದುಡ್ಡು ಬೇಡ, ಸುತ್ತೋಲೆಯೂ ಬೇಡ.

ಊರು ಬದಲಾಯಿಸಿ ಮಗುವನ್ನು ಅಜ್ಜಿ ಮನೆಗೆ ತಂದವರಿಗೆ ಒಂದು ಮಾಹಿತಿ: 2009 ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6 ರಿಂದ 14 ವರ್ಷದ ಮಗುವಿಗೆ ಟಿಸಿ ತಡವಾಯಿತು, ಜನನ ಪ್ರಮಾಣಪತ್ರ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಕಾಗದ ಪತ್ರ ಆಮೇಲೆ ಕೊಡಬಹುದು, ಮಗು ನಾಳೆಯಿಂದಲೇ ಶಾಲೆಗೆ ಬರಲಿ.

ಬಳ್ಳಾರಿ ಅಮ್ಮ

ನಾನು ಈ ಕಥೆಯ ಇನ್ನೊಂದು ತುದಿಯಲ್ಲಿದ್ದೇನೆ. ಗಂಡ ಬಿಟ್ಟು ಹೋಗಿ ಆರು ವರ್ಷ ಆಯಿತು. ವಿಚ್ಛೇದನ ಆಗಿಲ್ಲ, ಎಲ್ಲಿದ್ದಾನೆ ಅಂತಲೂ ಗೊತ್ತಿಲ್ಲ. ಮಗಳಿಗೆ ನಿಜ ಹೇಳಿದ್ದೇನೆ, ಅವಳು ಅರ್ಥ ಮಾಡಿಕೊಂಡಿದ್ದಾಳೆ. ಅರ್ಥ ಆಗದೇ ಇರುವುದು ಅರ್ಜಿ ಫಾರಂಗಳಿಗೆ! ಒಂದು ಕಡೆ ತಂದೆಯ ಸಹಿ, ಇನ್ನೊಂದು ಕಡೆ ತಂದೆಯ ಆಧಾರ್. "ತಂದೆ ಇಲ್ಲ ಅಂದ್ರೆ ಮರಣ ಪ್ರಮಾಣಪತ್ರ ತನ್ನಿ" ಅಂತ ಒಬ್ಬರು ಕೌಂಟರಿನಲ್ಲಿ ಮಗಳ ಎದುರಿಗೇ ಹೇಳಿದರು. ಬದುಕಿರುವವನಿಗೆ ಎಲ್ಲಿಂದ ತರಲಿ? ಇಲ್ಲಿ ಕಾನೂನು ತಿಳಿದವರು ಇದ್ದರೆ ಹೇಳಿ.

ದಾವಣಗೆರೆ ವಕೀಲೆ

ಅಕ್ಕ, ಹೆದರಬೇಡಿ. 1956 ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿ ಸಹಜ ಪಾಲಕ ತಂದೆ, ಆತನ ನಂತರ ತಾಯಿ ಅಂತ ಇದೆ. ಆದರೆ 1999 ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಂದೆ ಸತ್ತ ಮೇಲೆ ಮಾತ್ರ ತಾಯಿ ಪಾಲಕಿ ಅಂತಲ್ಲ. ತಂದೆ ಮಗುವಿನ ಜವಾಬ್ದಾರಿ ತೆಗೆದುಕೊಳ್ಳದೆ ದೂರ ಇದ್ದರೂ ತಾಯಿಯೇ ಪಾಲಕಿ. ನಿಮ್ಮ ಸಹಿ ಸಾಕು. ಪಾಸ್‌ಪೋರ್ಟಿಗೂ 2016 ರ ಡಿಸೆಂಬರಿನಿಂದ ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೆ ಆಗುತ್ತದೆ. ಮತ್ತೆ ಯಾರಾದರೂ ಮರಣ ಪ್ರಮಾಣಪತ್ರ ಕೇಳಿದರೆ, ಯಾವ ನಿಯಮದಲ್ಲಿ ಬೇಕು ಅಂತ ಬರೆದು ಕೊಡಿ ಅನ್ನಿ. ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ.

ಜೀವನಾಂಶ ಕೇಳಿದ್ದೀರಾ? ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125 ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ನೇ ಕಲಂ ಆಗಿದೆ, 2024 ರ ಜುಲೈ 1 ರಿಂದ ಜಾರಿ. ಮಗುವಿನ ಹೆಸರಿನಲ್ಲಿ ಕೇಳಬಹುದು. ತಂದೆ ಬೇರೆ ಮದುವೆ ಆಗಿದ್ದರೂ ಈ ಜವಾಬ್ದಾರಿ ತಪ್ಪುವುದಿಲ್ಲ. ಆದೇಶ ಆದ ಮೇಲೂ ಕೊಡದಿದ್ದರೆ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, ಇಲ್ಲವೇ 15100 ಗೆ ಫೋನ್ ಮಾಡಿ.

ಸಾಗರದ ಹಿರಿಯರು ಜೈಲಿನ ಮಾತು ಎತ್ತಿದರು. 12 ವರ್ಷದೊಳಗಿನ ಮಗುವನ್ನು ತಂದೆ ತಾಯಿಯೇ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟು ಹೋದರೆ ಭಾರತೀಯ ನ್ಯಾಯ ಸಂಹಿತೆಯ 93 ನೇ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಅದು ಬಸ್ ಸ್ಟ್ಯಾಂಡಿನಲ್ಲೋ ಆಸ್ಪತ್ರೆಯಲ್ಲೋ ಮಗುವನ್ನು ದಿಕ್ಕಿಲ್ಲದಂತೆ ಮಾಡಿ ಹೋಗುವವರಿಗೆ. ಅಜ್ಜಿ, ಅತ್ತೆ ಇರುವ ಮನೆಯಲ್ಲಿ ಮಗುವನ್ನು ಬಿಟ್ಟು ಗಂಡನ ಮನೆಯಿಂದ ಹೊರಗೆ ನಡೆದ ಹೆಂಗಸಿನ ವಿಷಯ ಬೇರೆ. ಅದನ್ನೂ ಇದನ್ನೂ ಒಂದೇ ಮಾಡಬಾರದು.

ಮೈಸೂರು ಆಪ್ತಸಲಹೆಗಾರ್ತಿ

ಮಕ್ಕಳ ಜೊತೆ ಕೆಲಸ ಮಾಡುವವಳಾಗಿ ಒಂದೆರಡು ಮಾತು.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಮಗೆ ಏನು ಮಾಡಬೇಕು ಅಂತ ಗೊತ್ತು. ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ವರ್ಷಾಂತಿಕ. ಜನ ಬರುತ್ತಾರೆ, ಮಗುವಿನ ತಲೆ ಸವರುತ್ತಾರೆ, ಗೋಡೆಗೆ ಫೋಟೊ ಹಾಕುತ್ತಾರೆ. ಬಿಟ್ಟು ಹೋದವರಿಗೆ ಇದು ಯಾವುದೂ ಇಲ್ಲ. ಫೋಟೊ ಗೋಡೆಯಿಂದ ಇಳಿಯುತ್ತದೆ. ಹೆಸರು ಹೇಳುವಂತಿಲ್ಲ. ಮಗು ಅಳಲೂ ಆಗದೆ ಮರೆಯಲೂ ಆಗದೆ ಕಾಯುತ್ತಾ ಇರುತ್ತದೆ. ಅಮೆರಿಕದ ಪಾಲಿನ್ ಬಾಸ್ ಅನ್ನುವ ವಿದ್ವಾಂಸೆ 1970 ರ ದಶಕದಿಂದ ಈ ಥರದ ನಷ್ಟದ ಬಗ್ಗೆಯೇ ಕೆಲಸ ಮಾಡಿದ್ದಾರೆ. ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರಿಂದ ಶುರು ಮಾಡಿದರು. ಹೋದವರು ಇದ್ದಾರೋ ಇಲ್ಲವೋ, ಬರುತ್ತಾರೋ ಇಲ್ಲವೋ ತಿಳಿಯದ ದುಃಖ ಮುಗಿಯುವುದೇ ಇಲ್ಲ, ಅದು ದುಃಖ ಪಡುವವರ ದೌರ್ಬಲ್ಯ ಅಲ್ಲ ಅನ್ನುವುದು ಅವರ ಮುಖ್ಯ ಮಾತು. "ರಜೆ ಸಿಕ್ಕಿದಾಗ ಬರ್ತಾಳೆ" ಅನ್ನುವ ಉತ್ತರ ಮಗುವನ್ನು ಅಂಥದ್ದೇ ಕಾಯುವಿಕೆಯಲ್ಲಿ ಇಡುತ್ತದೆ.

ಹಾಗಂತ ಎಲ್ಲವನ್ನೂ ಒಂದೇ ಸಲ ಹೇಳಬೇಕಿಲ್ಲ. ಒಂಬತ್ತು ವರ್ಷಕ್ಕೆ ಮೂರು ಸಂಗತಿ ತಿಳಿದರೆ ಸಾಕು. ಅಮ್ಮ ಮತ್ತು ಅಪ್ಪಯ್ಯನ ನಡುವೆ ದೊಡ್ಡವರ ತೊಂದರೆ ಇತ್ತು, ಅದಕ್ಕೆ ಅಮ್ಮ ಬೇರೆ ಇದ್ದಾಳೆ. ಇದರಲ್ಲಿ ನಿನ್ನದು ಏನೇನೂ ತಪ್ಪಿಲ್ಲ. ನಾನು ಮತ್ತು ಅಜ್ಜಿ ನಿನ್ನ ಜೊತೆಗೇ ಇರುತ್ತೇವೆ. ಅಮ್ಮ ಬರ್ತಾಳಾ ಅಂತ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ಎರಡನೇ ಮಾತನ್ನು ಮಾತ್ರ ಒಂದು ಸಲ ಹೇಳಿ ಬಿಡಬೇಡಿ. ಮತ್ತೆ ಮತ್ತೆ ಬೇಕಾಗುತ್ತದೆ. ಅಮ್ಮನನ್ನು ಅವನೆದುರು ಬೈಯಬೇಡಿ. "ಅಮ್ಮನ ಥರಾನೇ ನಿನ್ನ ಮೂಗು" ಅಂತ ಊರವರು ಹೇಳಿರುತ್ತಾರೆ. ಅಮ್ಮ ಕೆಟ್ಟವಳು ಅಂದರೆ ತನ್ನೊಳಗಿನ ಅರ್ಧವೂ ಕೆಟ್ಟದ್ದು ಅಂತ ಅವನು ಲೆಕ್ಕ ಹಾಕುತ್ತಾನೆ.

ಇಂಥ ಮಕ್ಕಳು ಹಾಳಾಗಿ ಹೋಗುತ್ತಾರೆ ಅನ್ನುವವರಿಗೆ ಒಂದು ವಿಷಯ. ಹವಾಯಿಯ ಕವಾಯಿ ದ್ವೀಪದಲ್ಲಿ 1955 ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಒಡೆದ ಸಂಸಾರ, ಕುಡಿತ ಇಂಥ ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಬ್ಬರು ಗಟ್ಟಿಯಾಗಿ, ಪ್ರೀತಿಯಿಂದ ಬಾಳುವ ದೊಡ್ಡವರಾದರು. ಅವರಲ್ಲಿ ಎದ್ದು ಕಂಡದ್ದು, ಪ್ರತಿಯೊಬ್ಬರಿಗೂ ಚಿಕ್ಕಂದಿನಲ್ಲಿ ಕೈ ಬಿಡದ ಒಬ್ಬ ದೊಡ್ಡವರಾದರೂ ಇದ್ದರು. ಎಷ್ಟೋ ಸಲ ಅದು ಅಜ್ಜಿ, ಅತ್ತೆ, ಚಿಕ್ಕಮ್ಮ. ಅತ್ತೆ ಅವರೇ, ಅವನಿಗೆ ಅದು ನೀವು.

ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಶಾಲೆಗೆ ಹೋಗುವುದಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಗೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಾಗರದ ಹಿರಿಯ ಜೀವ

ಹುಬ್ಬಳ್ಳಿ ಮಗನ ಮಾತು ಓದಿ ಬಹಳ ಹೊತ್ತು ಕೂತಿದ್ದೆ. ನಮ್ಮ ಕಾಲದಲ್ಲಿ ಮುಚ್ಚಿಡುವುದೇ ಪ್ರೀತಿ ಅಂತ ತಿಳಿದಿದ್ದೆವು. ಆದರೂ ಹದಿನೆಂಟಾಗದಿದ್ದರೂ ಹತ್ತನೇ ಕ್ಲಾಸಾದರೂ ಮುಗಿಯಲಿ ಅಂತ ನನ್ನ ಮನಸ್ಸು ಹೇಳುತ್ತದೆ.

ಉಡುಪಿ ನರ್ಸ್

ಅತ್ತೆ ಅವರಿಗೆ ಎರಡು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಅಣ್ಣ ಊರಿಗೆ ಎಷ್ಟು ಸಲ ಬರುತ್ತಾರೆ? ನೀವು ಬರೆದದ್ದರಲ್ಲಿ ಹುಡುಗನ ಜೊತೆ ಅಪ್ಪ ಎಲ್ಲೂ ಕಾಣಲಿಲ್ಲ. ನಮ್ಮ ಕರಾವಳಿಯಲ್ಲಿ ಗಂಡಸು ಮುಂಬೈಗೆ ಹೋದರೆ ದುಡಿಯಲು ಹೋದ, ಹೆಂಗಸು ಹೋದರೆ ಬಿಟ್ಟು ಹೋದಳು. ಮಗುವಿನ ಲೆಕ್ಕದಲ್ಲಿ ಇಬ್ಬರೂ ಮನೆಯಲ್ಲಿಲ್ಲ.

ಎರಡನೆಯದು, ಅತ್ತಿಗೆ ಇಷ್ಟು ವರ್ಷದಲ್ಲಿ ಒಂದು ಫೋನೂ ಮಾಡಲಿಲ್ವಾ?

ಕುಂದಾಪುರದ ಅತ್ತೆ

ಬೇಸರ ಇಲ್ಲ, ಕೇಳಬೇಕಾದ ಪ್ರಶ್ನೆಗಳೇ.

ಅಣ್ಣ ಮಳೆಗಾಲದಲ್ಲಿ ಒಂದು ಸಲ, ನಮ್ಮೂರ ಜಾತ್ರೆಗೆ ಒಂದು ಸಲ ಬರುತ್ತಾನೆ. ನಾಲ್ಕು ದಿನ ಇರುತ್ತಾನೆ. ಚಾಕಲೇಟು, ಹೊಸ ಅಂಗಿ ಎಲ್ಲ ತರುತ್ತಾನೆ. ಮಗನ ಹತ್ತಿರ ಕೂತು ಮಾತಾಡು ಅಂದರೆ ಏನು ಮಾತಾಡಬೇಕು ಅಂತ ಗೊತ್ತಾಗುವುದಿಲ್ಲ ಅವನಿಗೆ.

ಅತ್ತಿಗೆ ಫೋನ್ ಮಾಡುತ್ತಾರೆ. ಹುಡುಗನ ಹುಟ್ಟುಹಬ್ಬಕ್ಕೆ, ದೀಪಾವಳಿಗೆ, ಪರೀಕ್ಷೆ ಹೊತ್ತಿಗೆ. ಲ್ಯಾಂಡ್‌ಲೈನಿಗೆ ಬರುತ್ತದೆ, ಅಮ್ಮ ಎತ್ತಿ ಧ್ವನಿ ಕೇಳಿದ ಕೂಡಲೇ ಇಡುತ್ತಾರೆ. ಅಣ್ಣನಿಗೆ ಕುಡಿಯುವ ಅಭ್ಯಾಸ ಇತ್ತು, ಕೈಯೂ ಎತ್ತುತ್ತಿದ್ದ. ಇದು ಮನೆಯೊಳಗೆ ಎಲ್ಲರಿಗೂ ಗೊತ್ತು, ಹೊರಗೆ ಯಾರೂ ಹೇಳಿಲ್ಲ. ಅತ್ತಿಗೆ ರಾತ್ರಿ ಹೋದವರು ಬೆಳಿಗ್ಗೆ ತಮ್ಮನ ಜೊತೆ ಮಗುವನ್ನು ಕೇಳಿಕೊಂಡು ಬಂದಿದ್ದರು. ಕೊಡಲಿಲ್ಲ. ಆಗ ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೆ, ಆಮೇಲೆ ತಿಳಿದದ್ದು.

ಊರಲ್ಲಿ ಎಲ್ಲರೂ "ಬಿಟ್ಟು ಹೋದಳು" ಅಂತಾರೆ. ಶೀರ್ಷಿಕೆಯಲ್ಲಿ ನಾನೂ ಹಾಗೇ ಬರೆದೆ, ಯಾಕೆಂದರೆ ಹುಡುಗನ ಕಿವಿಗೆ ಬೀಳುತ್ತಿರುವುದು ಅದೇ.

ಹೆಸರು ಬೇಡ

ಇಲ್ಲಿ ಬರೆಯಬಾರದು ಅಂತಿದ್ದೆ. ಅತ್ತೆ ಅವರ ಕೊನೆಯ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು "ಬಿಟ್ಟು ಹೋದ" ತಾಯಿ. ನಿಮ್ಮ ಅತ್ತಿಗೆ ಅಲ್ಲ, ಬೇರೆ ಜಿಲ್ಲೆಯವಳು. ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸಿನಲ್ಲಿ ಟೈಲರ್. ಮಗಳು ಗಂಡನ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಹೊಡೆತ ತಡೆಯಲಾಗದೆ ತವರಿಗೆ ಹೋದೆ. ತವರಿನಲ್ಲಿ ಅಪ್ಪ ಇರಲಿಲ್ಲ, ಅಣ್ಣ ಅತ್ತಿಗೆಯ ಸಂಸಾರ. ನೀನೊಬ್ಬಳಾದರೆ ಇರು, ಮಗು ಬಂದರೆ ನಮಗೆ ಆಗಲ್ಲ ಅಂದರು. ಗಂಡನ ಮನೆಯವರು ಮಗು ಬೇಕಾದರೆ ನೀನೂ ವಾಪಸ್ ಬಾ ಅಂದರು. ಎರಡೂ ಬಾಗಿಲು ಹಾಗೆ ಇದ್ದಾಗ ಬೆಂಗಳೂರಿನ ಬಸ್ಸು ಹತ್ತಿದೆ. ದುಡಿದು ಒಂದು ರೂಮು ಮಾಡಿ ಮಗಳನ್ನು ಕರೆಸಿಕೊಳ್ಳುತ್ತೇನೆ ಅಂತ ಇತ್ತು. ರೂಮು ಮಾಡಿದೆ. ಅಷ್ಟರಲ್ಲಿ ಅವಳು ಫೋನಿನಲ್ಲಿ "ನೀವು ಯಾರು" ಅಂತ ಕೇಳುವಷ್ಟು ದಿನ ಆಗಿತ್ತು.

ಯೂನಿಫಾರಂ ಅಳತೆ ಗೊತ್ತಿಲ್ಲದೆ ಅಂದಾಜಿನಲ್ಲಿ ಹೊಲಿದು ಕಳಿಸಿದ್ದೇನೆ. ಪಾರ್ಸೆಲ್ ವಾಪಸ್ ಬಂದಿದೆ. ನಾನು ಅನುಕಂಪ ಕೇಳುತ್ತಿಲ್ಲ. ಎಲ್ಲ ತಾಯಂದಿರೂ ನನ್ನ ಹಾಗೇ ಅಂತಲೂ ಹೇಳುತ್ತಿಲ್ಲ, ಬೇರೆ ಬದುಕು ಬೇಕು ಅಂತ ಹೋದವರೂ ಇದ್ದಾರೆ. ನನ್ನ ಮಗಳಿಗೆ ಒಂದು ವಿಷಯ ಮಾತ್ರ ಗೊತ್ತಾಗಬೇಕು ಅಂತ ಆಸೆ. ನಾನು ಕೇಳಿಕೊಂಡು ಬಂದಿದ್ದೆ ಅಂತ.

ಅತ್ತೆ ಅವರೇ, ನಿಮ್ಮ ಅತ್ತಿಗೆಯೂ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತಿದ್ದರಲ್ಲ, ಆ ಹುಡುಗನಿಗೆ ಅದೊಂದು ಹೇಳಿ. ಅವನು ಹಟ ಮಾಡುತ್ತಿದ್ದ ಅಂತ ಯಾರೂ ಹೋಗಲಿಲ್ಲ, ಅವನನ್ನು ಕೇಳಿಕೊಂಡು ಬಂದಿದ್ದರು.

ಹುಬ್ಬಳ್ಳಿ ಹುಡುಗ

ಅಕ್ಕ, ನಿಮ್ಮ ಮಗಳು ಒಂದು ದಿನ ಹುಡುಕಿಕೊಂಡು ಬರುತ್ತಾಳೆ. ಈ ಮಕ್ಕಳು ಹುಡುಕುತ್ತೇವೆ. ಫೋನ್ ನಂಬರ್ ಬದಲಾಯಿಸಬೇಡಿ. ಪೋಸ್ಟ್ ಮಾಡಿದ ರಸೀದಿ, ವಾಪಸ್ ಬಂದ ಪಾರ್ಸೆಲ್ ಎಲ್ಲ ತೆಗೆದಿಡಿ. ನಾನು ಇಪ್ಪತ್ತೆರಡಕ್ಕೆ ಗದಗಕ್ಕೆ ಹೋಗಿ ಅಪ್ಪನ ಮನೆ ಮುಂದೆ ನಿಂತಿದ್ದೆ. ಒಂದು ಕಾಗದ, ಒಂದು ಮನಿ ಆರ್ಡರ್ ಚೀಟಿ ಏನಾದರೂ ತೋರಿಸಿದ್ದರೆ ನನ್ನ ಬದುಕು ಬೇರೆ ಥರ ಇರುತ್ತಿತ್ತೋ ಏನೋ. ಏನೂ ಇರಲಿಲ್ಲ. ಚಹಾ ಕುಡಿದು ಬಂದೆ. ನನ್ನ ಮದುವೆ ಪತ್ರಿಕೆಯಲ್ಲಿ ಅವ್ವನ ಹೆಸರು ಮಾತ್ರ ಹಾಕಿಸಿದೆ, ಹಿರಿಯರು ಗೊಣಗಿದರೂ.

ಈಗ ನನ್ನ ಸಮಸ್ಯೆ ಬೇರೆ. ಅಪ್ಪನಿಗೆ ವಯಸ್ಸಾಗಿದೆ, ಆ ಮನೆಯಲ್ಲೂ ನೋಡಿಕೊಳ್ಳುವವರಿಲ್ಲ. ಸಂಬಂಧಿಕರ ಕೈಲಿ ಹೇಳಿ ಕಳಿಸುತ್ತಾನೆ, ಹೆತ್ತ ತಂದೆಯನ್ನು ನೋಡಿಕೊಳ್ಳಬೇಕು ಅಂತ ಕಾನೂನೇ ಇದೆ ಅಂತ. ನಿಜವಾ ಮೇಡಂ?

ದಾವಣಗೆರೆ ವಕೀಲೆ

ಕಾನೂನು ಇದೆ. 2007 ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ತಂದೆ ತಾಯಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕುತ್ತಾರೆ. ಮಕ್ಕಳನ್ನು ಬಿಟ್ಟು ಹೋದ ತಂದೆಗೆ ಇದು ಅನ್ವಯಿಸುವುದಿಲ್ಲ ಅಂತ ಕಾಯ್ದೆಯಲ್ಲಿ ಪ್ರತ್ಯೇಕವಾಗಿ ಬರೆದಿಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ. ಆದರೆ ಅವರು ನಿಮ್ಮನ್ನು ಸಾಕಲಿಲ್ಲ ಅನ್ನುವುದನ್ನು ನೀವು ಅಲ್ಲಿ ಹೇಳಬಹುದು, ಹೇಳಲೇಬೇಕು. ಶಾಲೆಯ ದಾಖಲೆ, ಪಡಿತರ ಚೀಟಿ, ಅವ್ವನ ಹೇಳಿಕೆ ಜೋಡಿಸಿಟ್ಟುಕೊಳ್ಳಿ. ಎರಡನೇ ಮನೆಯಲ್ಲಿ ಮಕ್ಕಳಿದ್ದರೆ ಅವರ ಹೊಣೆಯೂ ಇದೆ. ಇನ್ನು ಮೊದಲ ಮನೆಯ ಮಗನಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲು ಅವರು ಹೋದರು ಅಂತ ಹೋಗುವುದಿಲ್ಲ, ಅದನ್ನೂ ನೆನಪಿಡಿ.

ದುಡ್ಡು ಕೊಡುವ ವಿಷಯ ಕಾನೂನಿನದು. ಅವರನ್ನು ಹೋಗಿ ನೋಡಬೇಕೋ ಬೇಡವೋ ಅನ್ನುವುದು ನಿಮಗೇ ಬಿಟ್ಟದ್ದು, ಅದನ್ನು ಯಾವ ಅಧಿಕಾರಿಯೂ ಆದೇಶ ಮಾಡುವಂತಿಲ್ಲ.

ತಿಪಟೂರು ತಾತ

ನನ್ನದೂ ಒಂದು ಕೇಳಿ ತಾಯಿ. ಮಗಳು ಕಾಯಿಲೆಯಿಂದ ತೀರಿಕೊಂಡಳು. ಅಳಿಯ ಮೂರು ತಿಂಗಳಿಗೆ ಮೊಮ್ಮಗಳನ್ನು ನಮ್ಮ ಮನೆಗೆ ತಂದು ಬಿಟ್ಟು ಹೋದ, ಮತ್ತೆ ಬರಲಿಲ್ಲ. ಬೇರೆ ಮದುವೆ ಆಗಿದ್ದಾನೆ ಅಂತ ಸುದ್ದಿ. ಮೊಮ್ಮಗಳು ಆರನೇ ಕ್ಲಾಸು, ಚೂಟಿ. ನಮಗೆ ಸ್ವಲ್ಪ ತೆಂಗಿನ ತೋಟ ಇತ್ತು, ಮಗಳ ಆಸ್ಪತ್ರೆ ಖರ್ಚಿಗೆ ಹೋಯಿತು. ಈಗ ನಾನೂ ನನ್ನ ಹೆಂಡತಿಯೂ ಕೂಲಿ. ನಾವು ಇರುವಷ್ಟು ದಿನ ಸರಿ, ಆಮೇಲೆ ಈ ಮಗುವಿಗೆ ಯಾರು ಅಂತ ರಾತ್ರಿ ನಿದ್ದೆ ಬರುವುದಿಲ್ಲ.

ದಾವಣಗೆರೆ ವಕೀಲೆ

ತಾತ, ನಿಮ್ಮ ಮೊಮ್ಮಗಳಿಗೆ ಸರ್ಕಾರದ ಪ್ರಾಯೋಜಕತ್ವ ಸಿಗುವ ಸಾಧ್ಯತೆ ಚೆನ್ನಾಗಿದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಮಕ್ಕಳು ಮನೆಯಲ್ಲೇ, ಬಂಧುಗಳ ಜೊತೆಗೇ ಇದ್ದು ಬೆಳೆಯಲಿ ಅಂತ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ತುಮಕೂರಿನಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಅಲ್ಲಿ ಅರ್ಜಿ ಕೊಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುತ್ತದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಅಂತ ಹೇಳಬಹುದು. ಗಾಬರಿ ಬೇಡ, ಮಗುವನ್ನು ಕಿತ್ತುಕೊಳ್ಳಲು ಅಲ್ಲ. 2015 ರ ಬಾಲ ನ್ಯಾಯ ಕಾಯ್ದೆಯಲ್ಲೇ ಮಗು ಕುಟುಂಬದಲ್ಲಿ ಬೆಳೆಯುವುದು ಮೊದಲು, ಮಕ್ಕಳ ಮನೆ ಕೊನೆಯ ದಾರಿ ಅಂತ ಇದೆ. ನಿಮ್ಮ ನಂತರ ಯಾರು ಅನ್ನುವ ಪ್ರಶ್ನೆಗೆ, 1890 ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ ನೀವು ಮತ್ತು ನಿಮ್ಮ ಇನ್ನೊಬ್ಬ ಮಗ ಅಥವಾ ಮಗಳು ಪಾಲಕರಾಗಲು ಅರ್ಜಿ ಹಾಕಬಹುದು. ಉಚಿತ ಕಾನೂನು ನೆರವಿನಲ್ಲೇ ಆಗುತ್ತದೆ. ಅಳಿಯನ ಮೇಲೆ ಜೀವನಾಂಶದ ಅರ್ಜಿ ಬೇರೆಯೇ ಹಾಕೋಣ.

ಅತ್ತೆ ಅವರೇ, ನಿಮ್ಮ ಅಣ್ಣನಿಗೆ ಸಂಬಳ ಇರುವುದರಿಂದ ನಿಮಗೆ ಈ ಹಣ ಸಿಗುವುದು ಕಷ್ಟ. ಆದರೆ ಅತ್ತಿಗೆಗೆ ಮಗನನ್ನು ನೋಡುವ, ಮಾತಾಡುವ ಹಕ್ಕು ಕೇಳುವ ದಾರಿ ಕೋರ್ಟಿನಲ್ಲಿ ಇದೆ. ಅವರು ಆ ದಾರಿ ಹಿಡಿಯುವ ಮೊದಲೇ ಮನೆಯಲ್ಲೇ ದಾರಿ ಮಾಡಿಕೊಟ್ಟರೆ ಹುಡುಗನಿಗೆ ಕೋರ್ಟಿನ ಮೆಟ್ಟಿಲು ತಪ್ಪುತ್ತದೆ.

ಕುಂದಾಪುರದ ಅತ್ತೆ

ಸ್ವಲ್ಪ ದಿನ ಇಲ್ಲಿಗೆ ಬರಲಿಲ್ಲ, ಕ್ಷಮಿಸಿ. ಆದದ್ದನ್ನು ಹೇಳುತ್ತೇನೆ.

ಮೊದಲು ಅಣ್ಣನಿಗೆ ಫೋನ್ ಮಾಡಿದೆ. ಜಗಳವೇ ಆಯಿತು. ನಾನು ಸೋಲಲಿಲ್ಲ. ನೀನು ಹೇಳುತ್ತೀಯಾ, ನಾನು ಹೇಳಲಾ ಅಂದೆ. ಕೊನೆಗೆ "ನೀನೇ ಹೇಳು, ನನ್ನ ಕೈಲಾಗಲ್ಲ" ಅಂದ. ಅಮ್ಮನ ಹತ್ತಿರ ಹುಬ್ಬಳ್ಳಿಯವರ ದುಬೈ ಕಥೆ ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಭಾನುವಾರ ಹುಡುಗನನ್ನು ಕರೆದುಕೊಂಡು ಕೋಡಿ ಕಡಲ ತೀರಕ್ಕೆ ಹೋದೆ. ಮೈಸೂರಿನ ಮೇಡಂ ಹೇಳಿದ ಹಾಗೆಯೇ ಹೇಳಿದೆ. ಅಮ್ಮ ಅಪ್ಪಯ್ಯನ ನಡುವೆ ಕಷ್ಟ ಇತ್ತು, ಅಮ್ಮನಿಗೆ ಇಲ್ಲಿ ಇರಲು ಆಗಲಿಲ್ಲ, ನಿನ್ನದು ಏನೂ ತಪ್ಪಿಲ್ಲ. ಬೆಳಿಗ್ಗೆ ನಿನ್ನನ್ನು ಕೇಳಿಕೊಂಡು ಬಂದಿದ್ದಳು, ದೊಡ್ಡವರು ಕಳಿಸಲಿಲ್ಲ. ಅಳುತ್ತಾನೆ ಅಂದುಕೊಂಡಿದ್ದೆ. ಅಳಲಿಲ್ಲ. "ಯಾವ ಬಾಗಿಲಿಗೆ ಬಂದಿದ್ಲು, ಎದುರಿಂದಾ ಹಿಂದಿಂದಾ?" ಅಂತ ಕೇಳಿದ. ಎದುರಿನ ಬಾಗಿಲು ಅಂದೆ. "ನಾನು ಆಗ ಎಂತ ಮಾಡ್ತಿದ್ದೆ?" ಮಲಗಿದ್ದೆ ಅಂದೆ. "ಎಬ್ಬಿಸ್ಬೇಕಿತ್ತು" ಅಂದ.

ಆಮೇಲೆ ಎರಡು ದಿನ ನನ್ನ ಹತ್ತಿರ, ಅಜ್ಜಿ ಹತ್ತಿರ ಮಾತು ಬಿಟ್ಟ. ತಟ್ಟೆ ತಳ್ಳಿದ. ಹೋಂವರ್ಕ್ ಮಾಡಲಿಲ್ಲ. ಮೇಷ್ಟ್ರು ಹೇಳಿದ್ದು ನೆನಪಾಗಿ ಬೈಯದೆ ಪಕ್ಕದಲ್ಲೇ ಕೂತೆ. ಮೂರನೇ ದಿನ ಪ್ರಶ್ನೆಗಳು ಶುರುವಾದವು, ಇನ್ನೂ ನಿಂತಿಲ್ಲ. ಅಮ್ಮನಿಗೆ ಯಾವ ಸಾರು ಇಷ್ಟ, ಅವಳಿಗೆ ಈಜು ಬರುತ್ತಾ, ನನ್ನ ಮುರಿದ ಹಲ್ಲು ಅವಳಿಗೆ ಗೊತ್ತಾ.

ಅತ್ತಿಗೆಯ ತಮ್ಮನಿಂದ ನಂಬರ್ ತೆಗೆದುಕೊಂಡು ನಾನೇ ಫೋನ್ ಮಾಡಿದೆ. ಇಬ್ಬರಿಗೂ ಮೊದಲು ಮಾತೇ ಬರಲಿಲ್ಲ. ಈ ಶನಿವಾರ ವಿಡಿಯೊ ಕಾಲ್ ಅಂತ ಮಾತಾಗಿದೆ. ನನಗೆ ಒಂದೇ ಹೆದರಿಕೆ, ಇವನು ಆಸೆ ಇಟ್ಟುಕೊಂಡು ಅವರು ನಾಲ್ಕು ವಾರ ಮಾಡಿ ಆಮೇಲೆ ನಿಲ್ಲಿಸಿದರೆ?

ಮೈಸೂರು ಆಪ್ತಸಲಹೆಗಾರ್ತಿ

ಆ ಹೆದರಿಕೆ ಸರಿಯಾದದ್ದೇ. ಅದಕ್ಕೆ ಮೊದಲು ಅತ್ತಿಗೆಯ ಜೊತೆ ನೀವೇ ಗಟ್ಟಿ ಮಾತಾಡಿ. ವಾರಕ್ಕೆ ಒಂದು ಸಲ ಆಗದಿದ್ದರೆ ಹದಿನೈದು ದಿನಕ್ಕೆ ಒಂದು ಸಲ ಸಾಕು, ಆದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಬರಬೇಕು. ಬರಲು ಆಗದಿದ್ದರೆ ಹಿಂದಿನ ದಿನವೇ ತಿಳಿಸಬೇಕು. ಬೆಂಗಳೂರಿಗೆ ಕರೆಸಿಕೊಳ್ಳುತ್ತೇನೆ, ಸೈಕಲ್ ಕೊಡಿಸುತ್ತೇನೆ ಅಂತ ದೊಡ್ಡ ಮಾತು ಈಗ ಬೇಡ. ಮೊದಲ ಕಾಲ್ ಹತ್ತು ನಿಮಿಷ ಸಾಕು. ಕಾಲ್ ಆದ ಮೇಲೆ ಅವನು ಮಂಕಾಗಬಹುದು, ರಾತ್ರಿ ಹಾಸಿಗೆ ಒದ್ದೆ ಆಗಲೂಬಹುದು. ಅದನ್ನು ನೋಡಿ ಅಜ್ಜಿ "ನೋಡು, ಬೇಡ ಅಂದಿದ್ದೆ" ಅನ್ನದ ಹಾಗೆ ನೋಡಿಕೊಳ್ಳಿ.

ಸಾಗರದ ಹಿರಿಯ ಜೀವ

ತಂಗಿ, ನಿನ್ನ ತಾಯಿಗೆ ನನ್ನ ಕಡೆಯಿಂದ ಒಂದು ಮಾತು ಹೇಳು. ಆ ಹುಡುಗನನ್ನು ಇಷ್ಟು ವರ್ಷ ಸಾಕಿದ್ದು ಅವರೇ. ಅವನ ತಾಯಿ ಫೋನಿನಲ್ಲಿ ಬಂದರೆ ಅವರ ಜಾಗ ಹೋಗುವುದಿಲ್ಲ. ವಯಸ್ಸಾದವರಿಗೆ ಆ ಭಯ ಇರುತ್ತದೆ, ಹೊರಗೆ ಸಿಟ್ಟಿನ ಥರ ಕಾಣುತ್ತದೆ. ನನಗೆ ಗೊತ್ತು.

ತಿಪಟೂರು ತಾತ

ವಕೀಲೆ ತಾಯಿ, ನಿನ್ನೆ ತುಮಕೂರಿಗೆ ಹೋಗಿದ್ದೆ. ಅರ್ಜಿ ತೆಗೆದುಕೊಂಡರು. ಮೊಮ್ಮಗಳ ಆಧಾರ್, ಶಾಲೆಯ ಪತ್ರ, ನನ್ನ ಆದಾಯದ ಪ್ರಮಾಣಪತ್ರ ಕೊಟ್ಟೆ. ಮಗಳ ಮರಣ ಪ್ರಮಾಣಪತ್ರದ ನಕಲು ಮನೆಯಲ್ಲೇ ಉಳಿದಿತ್ತು, ಸೋಮವಾರ ತನ್ನಿ ಅಂದಿದ್ದಾರೆ. ಅಳಿಯನ ವಿಳಾಸ ಕೇಳಿದರು, ಹಳೆಯದು ಮಾತ್ರ ಇದೆ. ನಡೆಯುತ್ತಾ?

ದಾವಣಗೆರೆ ವಕೀಲೆ

ನಡೆಯುತ್ತದೆ ತಾತ. ಹಳೆಯ ವಿಳಾಸವನ್ನೇ ಬರೆಯಿರಿ, ಪಕ್ಕದಲ್ಲಿ "ಈಗಿನ ವಿಳಾಸ ತಿಳಿದಿಲ್ಲ" ಅಂತ ಸೇರಿಸಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ತಪ್ಪದೆ ಕೇಳಿ ತೆಗೆದುಕೊಳ್ಳಿ. ಸೋಮವಾರ ಹೋಗುವಾಗ ಎಲ್ಲದರ ಎರಡೆರಡು ನಕಲು ಇಟ್ಟುಕೊಂಡಿರಿ. ಹಾಗೇ ಪಕ್ಕದ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ ಪಾಲಕತ್ವದ ವಿಷಯ ಹೇಳಿ ಬನ್ನಿ. ಒಂದೇ ಬಸ್ ಚಾರ್ಜಿನಲ್ಲಿ ಎರಡೂ ಕೆಲಸ ಆಗುತ್ತದೆ.